ಊದುವ ಹಲ್ಲು

ಟವೆಲನ್ನು ಮೂರನೆಯ ಸಲ ಕೊಡವಿದರೂ ಅಪ್ಪನ ಕಟ್ಟಿಸಿದ ಹಲ್ಲು ಬೀಳಲಿಲ್ಲ. ಆಸ್ಪತ್ರೆಯವರು ಕೊಟ್ಟ ಚೀಲವನ್ನು ಮಗಳು ನೆಲದ ಮೇಲೆ ಬೋರಲು ಹಾಕಿ ಸುರಿದಳು. ಕನ್ನಡಕ, ಬಾಚಣಿಗೆ, ಒಂಟಿ ಕಾಲುಚೀಲ, ನಾಲ್ಕು ಮಡಿಕೆ ಮಾಡಿದ ಸಿನಿಮಾ ಪುರವಣಿ. ಅಷ್ಟೇ.

“ಡಬ್ಬೀಲಿ ಹಾಕಿಡಿ ಅಂತ ನರ್ಸಿಗೆ ಬಾಯ್ಬಿಟ್ಟು ಹೇಳಿದ್ದೆ ಕಣೇ,” ಅಂದಳು ಅಮ್ಮ. “ಪೇಪರ್‌ನಲ್ಲಿ ಸುತ್ತಿ ಮಂಚದ ಪಕ್ಕ ಇಟ್ಟಿದ್ರು. ಕಸ ಅಂತ ಯಾರೋ ಎತ್ಕೊಂಡು ಹೋಗಿರ್ಬೇಕು.”

ಅಪ್ಪ ಮುಂದಿನ ಕೋಣೆಯಲ್ಲಿ ಮಲಗಿದ್ದ. ಜೀವ ಹೋಗಿ ಎರಡು ದಿನವಾಗಿತ್ತು. ದೂರದ ಊರಿನಿಂದ ಅವನ ತಂಗಿ ಬರಲಿ ಎಂದು ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಇಟ್ಟಿದ್ದು, ಈ ಬೆಳಿಗ್ಗೆಯಷ್ಟೇ ಮನೆಗೆ ತಂದಿದ್ದರು. ಹಲ್ಲಿಲ್ಲದ ಬಾಯಿ ಒಳಕ್ಕೆ ಕುಸಿದಿತ್ತು. ಕೆನ್ನೆಗಳು ಗುಳಿಬಿದ್ದು, ಮೂಗು ಗಲ್ಲದ ಕಡೆಗೆ ಬಾಗಿ, ಯಾವುದೋ ಬೇರೆ ಮನೆಯ ಮುದುಕನನ್ನು ತಪ್ಪಿ ಇಲ್ಲಿಗೆ ತಂದಿದ್ದಾರೆ ಅನ್ನುವ ಹಾಗಿತ್ತು.

“ಇದೇನು ಅತ್ತಿಗೆ, ನಮ್ಮಣ್ಣನ ಥರಾನೇ ಇಲ್ವಲ್ಲ!” ಅಂದಳು ರೈಲು ಇಳಿದು ನೇರ ಬಂದಿದ್ದ ಅತ್ತೆ. ಅತ್ತೆಯ ಬಾಯಿಗೆ ಬೀಗವಿಲ್ಲ ಎನ್ನುವುದು ಮನೆಯವರಿಗೆಲ್ಲ ಗೊತ್ತು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. ಸ್ವಲ್ಪ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು ಎಂದು ಎಲ್ಲರಿಗೂ ಅನ್ನಿಸುವ ಹೊತ್ತಿಗೇ ಬಾಯಿ ತೆರೆಯುತ್ತಾಳೆ. “ಊರಿನವರ ಬಾಯಿಗೆಲ್ಲ ಹಲ್ಲು ಕಟ್ಟಿಕೊಟ್ಟೋನು ಬೊಚ್ಚುಬಾಯಲ್ಲಿ ಹೋಗ್ಬೇಕಾ?”

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತವಳು ಒಳಗೆ ಕಾಲಿಡಲೇ ಇಲ್ಲ. ಬೆಳಿಗ್ಗೆಯಿಂದ ಹಾಗೇ ನಿಂತಿದ್ದಾಳೆ. ನಲವತ್ತೆರಡು ವರ್ಷ ಜೊತೆಗಿದ್ದವನ ಪಕ್ಕ ಹೋಗಿ ಕೂರಲು ಅವಳಿಗೆ ಹೆದರಿಕೆ.

ಮನೆಯಲ್ಲಿ ಇನ್ನೊಂದು ಸೆಟ್ಟು ಹಲ್ಲಿತ್ತು. ಕ್ಲಾರಿನೆಟ್ ಪೆಟ್ಟಿಗೆಯ ಮೂಲೆಯಲ್ಲಿ, ಒದ್ದೆ ಹತ್ತಿ ಹಾಕಿದ ಡಬ್ಬಿಯಲ್ಲಿ. ಅದಕ್ಕೆ ಮನೆಯಲ್ಲಿ ‘ಊದುವ ಹಲ್ಲು’ ಎಂದೇ ಹೆಸರು. ಊಟದ ಹಲ್ಲು ಹಾಕಿಕೊಂಡು ಕ್ಲಾರಿನೆಟ್ ಊದಲು ಬರುವುದಿಲ್ಲ. ಮೇಲಿನದು ಜಾರುತ್ತದೆ, ಕೆಳಗಿನದು ತುಟಿಯನ್ನು ಕಡಿಯುತ್ತದೆ. ಅದಕ್ಕೇ, ಅಪ್ಪನ ಹಲ್ಲು ಕಟ್ಟುವ ಲ್ಯಾಬಿನಲ್ಲೇ ಕೆಲಸ ಮಾಡುವ ಮಗಳು ಎಂಟು ವರ್ಷದ ಹಿಂದೆ ಮೇಲಿನ ಮುಂದಿನ ಹಲ್ಲುಗಳನ್ನು ದಪ್ಪಗೆ, ಕೆಳಗಿನವನ್ನು ಮೊಂಡಾಗಿ ಮಾಡಿ ಬೇರೆಯೇ ಒಂದು ಸೆಟ್ಟು ಕಟ್ಟಿಕೊಟ್ಟಿದ್ದಳು. ಹನ್ನೊಂದು ಸಲ ಕೆಡಿಸಿ, ಹನ್ನೆರಡನೆಯದು ಸರಿಹೋಗಿತ್ತು.

ಅದನ್ನೇ ತಂದು ಕೂಡಿಸಿ ನೋಡಿದಳು. ಒಸಡು ಸವೆದಿದ್ದರಿಂದ ಸೆಟ್ಟು ಲಟಕ್ಕನೆ ಓರೆಯಾಯಿತು. ಮೇಲ್ದುಟಿ ಮುಂದಕ್ಕೆ ಉಬ್ಬಿತು.

“ತೆಗಿ, ತೆಗಿ!” ಅಮ್ಮ ಬಾಗಿಲಿಂದಲೇ ಕೂಗಿದಳು. “ಈಗ ಊದೋಕೆ ಶುರು ಮಾಡ್ತಾರೆ ಅನ್ನೋ ಹಾಗಿದೆ. ನಂಗೆ ನೋಡೋಕಾಗಲ್ಲ.”

ದೇಹ ತಂದ ಗಾಡಿಯವನು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ. ಒಳಗೆ ಬಂದು ಗಲ್ಲವನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ ನೋಡಿದ. “ದವಡೆಯ ಬಿಗಿ ಬಿಟ್ಟಿದೆ. ಹಲ್ಲಿದ್ರೆ ಈಗ್ಲೂ ಕೂಡಿಸಬಹುದು. ನಾನು ಮೂರು ಗಂಟೆಗೆ ಬರ್ತೀನಿ, ಅಷ್ಟರೊಳಗೆ ನೋಡ್ಕೊಳ್ಳಿ.”

“ಲ್ಯಾಬ್‌ನಲ್ಲಿ ಊಟದ ಹಲ್ಲಿನ ಅಚ್ಚು ಇದ್ಯಾ?” ಅಮ್ಮ ಮಗಳ ತೋಳು ಹಿಡಿದುಕೊಂಡಳು. “ಒಂದು ಸಲ ಅವರ ಮುಖ ನಂಗೆ ತೋರಿಸು. ಒಂದೇ ಸಲ. ಆಮೇಲೆ ತಗೊಂಡು ಹೋಗ್ಲಿ.”

ಗಡಿಯಾರದಲ್ಲಿ ಹತ್ತೂಮುಕ್ಕಾಲು.

*

ಅಪ್ಪ ಒಂದೇ ಒಂದು ಸಲ ಸಿನಿಮಾದಲ್ಲಿ ಕಾಣಿಸಿಕೊಂಡಿದ್ದ. ಆಗ ಮಗಳಿಗೆ ಹದಿನಾಲ್ಕು. ಯಾವುದೋ ಕಂಪನಿಯವರು ಊರಿನ ರೈಲು ನಿಲ್ದಾಣದಲ್ಲಿ ಚಿತ್ರ ತೆಗೆಯಲು ಬಂದಿದ್ದರು. ಪ್ಲಾಟ್‌ಫಾರಂ ಮೇಲೆ ಬ್ಯಾಂಡು ಬಾರಿಸುವವರು ಬೇಕಿತ್ತು. ಅಪ್ಪನ ಶನಿವಾರದ ಬಳಗಕ್ಕೆ ಕರೆ ಬಂತು. ಬಳಗವೆಂದರೆ ಮೂರು ಜನ. ಕ್ಲಾರಿನೆಟ್ಟಿಗೆ ಅಪ್ಪ, ಅಕಾರ್ಡಿಯನ್ನಿಗೆ ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುವ ಗೇಟ್ ಮಾಮ, ಡ್ರಮ್ಮಿಗೆ ಎದುರು ಬೀದಿಯ ದರ್ಜಿ. ದರ್ಜಿ ಮೂವರಿಗೂ ಒಂದೇ ಬಟ್ಟೆಯಲ್ಲಿ ಕೋಟು ಹೊಲಿದ. ಗೇಟ್ ಮಾಮನ ಕೋಟಿನ ಗುಂಡಿ ಹೊಟ್ಟೆಯ ಮೇಲೆ ಕೂಡಲಿಲ್ಲ. ಅಕಾರ್ಡಿಯನ್ನೇ ಮರೆಯಾಗುತ್ತದೆ ಬಿಡು ಎಂದು ಸಮಾಧಾನ ಮಾಡಿದರು.

ಅಪ್ಪನ ಸ್ವಂತದ ಒಂದು ತುಣುಕನ್ನೇ ಬಾರಿಸಿದರು. ನಿರ್ದೇಶಕ “ಬಹಳ ಚೆನ್ನಾಗಿದೆ, ಇನ್ನೊಂದು ಸಲ” ಎಂದು ಆರು ಸಲ ಬಾರಿಸುವಂತೆ ಮಾಡಿದ.

ಚಿತ್ರ ಬಿಡುಗಡೆಯಾದ ದಿನ ಬೀದಿಗೆ ಬೀದಿಯೇ ಟಾಕೀಸಿಗೆ ಹೋಯಿತು. ಪರದೆಯ ಮೇಲೆ ಅಪ್ಪ ಬಂದ. ಕೆನ್ನೆ ಉಬ್ಬಿದೆ, ಬೆರಳು ಓಡುತ್ತಿದೆ, ಹಣೆಯ ಬೆವರು ಕೂಡ ಕಾಣುತ್ತಿದೆ. ಆದರೆ ಸ್ಪೀಕರಿನಿಂದ ಬಂದದ್ದು ನಲವತ್ತು ಪಿಟೀಲು. ಯಾರದೋ ಸಂಗೀತ, ಎಲ್ಲಿಯದೋ ಸ್ಟುಡಿಯೋ. ನಾಲ್ಕು ಸೆಕೆಂಡು, ಮುಗಿಯಿತು.

“ಇದ್ರಲ್ಲಿ ನಿಮ್ಮ ಸದ್ದು ಯಾವುದು?” ಅಮ್ಮ ಕತ್ತಲಲ್ಲಿ ಪಿಸುಗುಟ್ಟಿದಳು.

“ಬೆರಳು ನೋಡೇ,” ಅಂದ ಅಪ್ಪ. “ಚೆನ್ನಾಗಿ ಓಡ್ತಿಲ್ವಾ?”

ಅವತ್ತು ಮನೆಗೆ ಬರುವಾಗ ಅವನು ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಆದರೆ ಸಿನಿಮಾದ ಮೇಲೆ ಮುನಿಸಿಕೊಳ್ಳಲಿಲ್ಲ. ವಾರಕ್ಕೊಂದು ಹೊಸ ಚಿತ್ರ ತಪ್ಪಲಿಲ್ಲ. ಕತೆ ಹೇಗಿತ್ತು ಅಂದರೆ ನೆನಪಿರುತ್ತಿರಲಿಲ್ಲ. ಎಲ್ಲಿ ಏನು ಬಾರಿಸಿದರು ಅಂದರೆ ಒಂದು ಗಂಟೆ ಹೇಳುತ್ತಿದ್ದ. ಮನೆಗೆ ಬಂದು, ಹಾಳಾಯಿತು ಅನ್ನಿಸಿದ ದೃಶ್ಯಕ್ಕೆ ತನ್ನದೇ ಸಂಗೀತ ಕೂರಿಸಿ ಊದುತ್ತಿದ್ದ. ಅಮ್ಮ ಅಡುಗೆಮನೆಯ ಬಾಗಿಲು ಮುಂದಕ್ಕೆ ತಳ್ಳಿಕೊಳ್ಳುತ್ತಿದ್ದಳು.

ಈಚಿನ ಚಿತ್ರಗಳ ಮೇಲಂತೂ ಅವನಿಗೆ ವಿಪರೀತ ಕೋಪ. “ಬಾಗಿಲು ತೆಗೆದ್ರೂ ಢಂ, ಮುಚ್ಚಿದ್ರೂ ಢಂ. ಹೀರೋ ಚಪ್ಪಲಿ ಹಾಕ್ಕೊಂಡ್ರೆ ಭೂಕಂಪ. ಯಾರಾದ್ರೂ ಸತ್ರೆ ನಮಗೆ ಅಳೋಕೂ ಬಿಡಲ್ಲ, ನಮ್ಮ ಪರವಾಗಿ ಪಿಟೀಲೇ ಅತ್ತುಬಿಡತ್ತೆ. ನಾವ್ಯಾಕೆ ಹೋಗ್ಬೇಕು ಟಾಕೀಸಿಗೆ?” ಹೀಗೆ ಬೈದು, ಮುಂದಿನ ವಾರ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಿರುತ್ತಿದ್ದ.

*

ಗೇಟ್ ಮಾಮ ತನ್ನ ಸ್ಕೂಟರಿನಲ್ಲಿ ಮಗಳನ್ನು ಲ್ಯಾಬಿಗೆ ಕರೆತಂದ. ಒಂದು ಕಿಟಕಿಯ ಕೋಣೆ, ಎರಡು ಮೇಜು. ಒಂದು ಅಪ್ಪನದಾಗಿತ್ತು. ಕೈ ನಡುಗಲು ಶುರುವಾದ ಮೇಲೆ ಅವನು ಮನೆಯಲ್ಲೇ ಉಳಿದ. ಮೇಜಿನ ಮೇಲೆ ಈಗ ಪ್ಲಾಸ್ಟರ್ ಚೀಲಗಳಿವೆ. ಸುತ್ತ ಗೋಡೆಯ ತುಂಬ ಹಲಗೆ, ಹಲಗೆಯ ತುಂಬ ಯಾರು ಯಾರದೋ ಬಾಯಿಯ ಅಚ್ಚು.

ಊಟದ ಹಲ್ಲಿನ ಅಚ್ಚು ಮೇಲಿನ ಹಲಗೆಯಲ್ಲಿ ಸಿಕ್ಕಿತು. ಎರಡು ವರ್ಷದ ಹಿಂದೆ ಸೆಟ್ಟು ಸಿಂಕಿಗೆ ಬಿದ್ದು ಬಿರುಕು ಬಿಟ್ಟಾಗ ಅವಳು ರಬ್ಬರಿನಲ್ಲಿ ತೆಗೆದಿಟ್ಟುಕೊಂಡದ್ದು. ಗುಳಿಗಳಲ್ಲಿ ಹಲ್ಲು ಜೋಡಿಸಿ, ಒಸಡಿನ ಹಾಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿ ಕಲಸಿ ಹುಯ್ದು, ಬಿಸಿನೀರಿನ ಪಾತ್ರೆಯಲ್ಲಿಟ್ಟು, ತೆಗೆದು, ಅರೆದು, ಹೊಳಪು ಕೊಡಬೇಕು. ಮೂರು ಗಂಟೆಯ ಕೆಲಸ.

ಅದನ್ನು ಇಳಿಸುವಾಗಲೇ ಕೆಳಗಿನ ಹಲಗೆಯ ಕೊನೆಯಲ್ಲಿದ್ದ ಇನ್ನೊಂದು ಅಚ್ಚು ಕಣ್ಣಿಗೆ ಬಿತ್ತು. ಬಿತ್ತು ಅನ್ನುವುದು ಸುಳ್ಳು. ಅದು ಅಲ್ಲಿದೆ ಎಂದು ಅವಳಿಗೆ ಎರಡು ದಿನದಿಂದ ಕ್ಷಣಕ್ಷಣಕ್ಕೂ ನೆನಪಿತ್ತು. ಬಿಳಿ ಪ್ಲಾಸ್ಟರ್, ಮೇಲೆ ಧೂಳು, ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿದ ಚೀಟಿ. ಚೀಟಿಯಲ್ಲಿ ಅಪ್ಪನ ನಡುಗುವ ಅಕ್ಷರ. ಕೆಲಸ: ಊದುವ ಹಲ್ಲು, ಹೊಸದು. ಯಾವಾಗ ಬೇಕು: ಅವಸರವಿಲ್ಲ.

*

ಐದು ತಿಂಗಳ ಹಿಂದೆ ಅವನು ತಾನೇ ಬಸ್ಸು ಹಿಡಿದು ಲ್ಯಾಬಿಗೆ ಬಂದಿದ್ದ. ಹೊಸ ಶರ್ಟು, ತಲೆ ನೀಟಾಗಿ ಬಾಚಿಕೊಂಡಿದ್ದ.

“ಹಳೇದು ನಿಲ್ತಿಲ್ಲ ಕಣೇ. ಊದಿದ್ರೆ ಬರೀ ಗಾಳಿ. ಹೊಸದೊಂದು ಮಾಡಿಕೊಡು.”

ಅವಳು ಕೆಲಸ ನಿಲ್ಲಿಸಿ, ಒಸಡಿನ ಅಳತೆ ತೆಗೆದು, ಅಚ್ಚು ಹುಯ್ದಳು. ಅಷ್ಟಕ್ಕೆ ಹತ್ತು ನಿಮಿಷ. ಅವನು ಅಷ್ಟರಲ್ಲಿ ಮೊಳೆಗೆ ಸಿಕ್ಕಿಸಿದ್ದ ಚೀಟಿಯ ಕಟ್ಟಿನಿಂದ ಒಂದು ಹರಿದುಕೊಂಡು ತುಂಬಲು ಕುಳಿತ.

“ನಿಂಗ್ಯಾಕಪ್ಪ ಚೀಟಿ?”

“ಲ್ಯಾಬಿನ ನಿಯಮ ಮಾಡಿದೋನು ನಾನು. ನನಗೊಂದು, ಊರಿಗೊಂದಾ?”

ನಿಯಮ ಸರಳ. ತಾರೀಕು ಬರೆದವರದು ತಾರೀಕಿನ ಪ್ರಕಾರ, ‘ಅವಸರವಿಲ್ಲ’ ಎಂದು ಬರೆದವರದು ಎಲ್ಲರದೂ ಮುಗಿದ ಮೇಲೆ. ಆ ನಿಯಮದಿಂದಲೇ ಅಪ್ಪ ಮೂವತ್ತು ವರ್ಷ ಯಾರ ಬಾಯಿಂದಲೂ ಒಂದು ಮಾತು ಕೇಳದೆ ಲ್ಯಾಬು ನಡೆಸಿದ್ದ. ಆದರೆ ಎಲ್ಲರದೂ ಮುಗಿಯುವುದು ಅಂತ ಒಂದು ದಿನ ಲ್ಯಾಬಿನಲ್ಲಿ ಬರುವುದೇ ಇಲ್ಲ. ಯಾರಿಗೋ ಮಗನ ಮದುವೆ, ಯಾರಿಗೋ ಹೊಸ ಕೆಲಸ, ಇನ್ಯಾರಿಗೋ ಊಟವೇ ಸೇರುತ್ತಿಲ್ಲ. ಎಲ್ಲರ ಚೀಟಿಯಲ್ಲೂ ತಾರೀಕು. ಅಪ್ಪನ ಅಚ್ಚು ಹಲಗೆಯ ಕೊನೆಗೆ ಸರಿಯುತ್ತ ಹೋಯಿತು. ಬುಧವಾರ ಬುಧವಾರ ಅವಳು ತವರಿಗೆ ಹೋಗಿ ಊಟ ಮಾಡಿ ಬರುತ್ತಿದ್ದಳು. ಅವನು ಒಂದು ಸಲವೂ ಕೇಳಲಿಲ್ಲ. ಕೇಳಲಿಲ್ಲವಲ್ಲ, ಮರೆತಿರಬೇಕು ಎಂದು ಅವಳು ಅಂದುಕೊಂಡಳು.

*

“ಯಾವುದನ್ನ ಮಾಡ್ತಿದೀಯಮ್ಮ?” ಗೇಟ್ ಮಾಮ ಕೇಳಿದ. ಅವನು ಪ್ಲಾಸ್ಟರ್ ಚೀಲದ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದ. ಮಗಳ ಎದುರಿಗೆ ಮೇಜಿನ ಮೇಲೆ ಎರಡೂ ಅಚ್ಚುಗಳಿದ್ದವು. ಬಿಸಿನೀರಿನ ಪಾತ್ರೆ ಒಂದೇ, ಹೊತ್ತೂ ಒಂದಕ್ಕೆ ಸಾಲುವಷ್ಟೇ.

“ಅಮ್ಮ ಊಟದ ಹಲ್ಲು ಕೇಳಿದ್ದಾಳೆ.”

“ನಿನಗೇನು ಬೇಕು?”

ಅವಳು ಚೀಟಿಯನ್ನು ಅವನ ಕಡೆ ತಳ್ಳಿದಳು. ಅವನು ಕಣ್ಣಿಗೆ ಹತ್ತಿರ ಹಿಡಿದು ಓದಿದ. ಮುಖ ತಿರುಗಿಸಿ ಮೂಗು ಒರೆಸಿಕೊಂಡ.

“ಇದು ಯಾವುದಕ್ಕೆ ಅಂತ ಗೊತ್ತಾ ನಿಂಗೆ? ಆ ಧೋಬಿ ಹೆಂಗಸಿನ ಸಿನಿಮಾ ಬಂದಿತ್ತಲ್ಲ, ಮೂರೇ ದಿನ ಓಡಿದ್ದು. ಗಂಡ ಸತ್ತ ಮಾರನೇ ದಿನ ಅವಳು ಬೆಳಗಿಂದ ದುಪ್ಪಟಿ ಮಡಚ್ತಾ ಕೂರ್ತಾಳೆ. ಬಟ್ಟೆ ಸದ್ದು ಬಿಟ್ರೆ ಏನೂ ಇಲ್ಲ. ಮೂರು ದಿನವೂ ಬಂದ ನಿಮ್ಮಪ್ಪ. ಮೂರನೇ ದಿನ ಹೊರಗೆ ಬಂದು ನನ್ನ ಕೈ ಹಿಡ್ಕೊಂಡ. ‘ಎರಡು ನಿಮಿಷ ಕಣೋ, ಪೂರಾ ಎರಡು ನಿಮಿಷ ಯಾರೂ ಏನೂ ಊದಲಿಲ್ಲ’ ಅಂತ ಅಳ್ತಿದ್ದ.”

“ಮನೇಲಿ ಹೇಳ್ಲೇ ಇಲ್ಲ.”

“ಅಲ್ಲಿಗೆ ಸಂಗೀತ ಹಾಕೋದು ಪಾಪ ಅಂದ. ಅದಕ್ಕೆ, ಸಿನಿಮಾ ಬಿಟ್ಟ ಮೇಲೆ ಜನ ಮನೆ ತನಕ ನಡೀತಾರಲ್ಲ, ಆ ದಾರಿಗೆ ಅಂತ ಒಂದು ಬರೆದ. ಹದಿನಾರು ಸಾಲು ಸ್ವರ. ಒಂದಿನ ಮ್ಯಾಟಿನಿ ಬಿಟ್ಟ ಮೇಲೆ ಟಾಕೀಸಿನ ಅಂಗಳದಲ್ಲಿ ಊದೋಕೆ ನೋಡಿದ. ಹಲ್ಲು ಕೈಕೊಡ್ತು. ಮಾರನೇ ದಿನವೇ ನಿನ್ನ ಹತ್ರ ಬಂದಿರ್ಬೇಕು.”

“ನೀವು ಅಕಾರ್ಡಿಯನ್‌ನಲ್ಲಿ ಬಾರಿಸಿ ನೋಡ್ಲಿಲ್ವಾ?”

“ಬಾರಿಸಿದೆ. ‘ನಿಲ್ಸೋ ಮಾರಾಯ, ಮದುವೆ ಊಟಕ್ಕೆ ಕರೆದ ಹಾಗಿದೆ’ ಅಂದ.” ಗೇಟ್ ಮಾಮ ನಗಲು ಹೋಗಿ ಆಗದೆ ಕೆಮ್ಮಿದ. “ಅದು ಹೇಗಿದೆ ಅಂತ ಅವನ ತಲೆಯೊಳಗೆ ಮಾತ್ರ ಇತ್ತು. ಮಗಳೇ, ಇದನ್ನೇ ಮಾಡು. ಅವನೇ ಬಾಯ್ಬಿಟ್ಟು ಕೇಳಿದ ಹಲ್ಲು. ಅದನ್ನ ಹಾಕ್ಕೊಂಡೇ ಹೋಗ್ಲಿ.”

ಮಗಳು ಊದುವ ಹಲ್ಲಿನ ಅಚ್ಚನ್ನು ಕೈಗೆ ತೆಗೆದುಕೊಂಡಳು. ಧೂಳು ಊದಿದಳು. ಮೇಣ ಕರಗಿಸಲು ದೀಪವನ್ನೂ ಹಚ್ಚಿದಳು. ಮೇಲಿನ ಮುಂದಿನ ನಾಲ್ಕು ಹಲ್ಲು ಹೇಗೆ ಕೂರಬೇಕು ಎಂದು ಅವಳ ಬೆರಳಿಗೆ ಗೊತ್ತಿತ್ತು. ಈಗ ಮಾಡಿದರೆ ಕೊಟ್ಟ ಮಾತು ಉಳಿಯುತ್ತದೆ, ಎದೆಯ ಮೇಲಿನ ಭಾರ ಅಷ್ಟಾದರೂ ಇಳಿಯುತ್ತದೆ. ಇಳಿಯುವುದು ಯಾರ ಎದೆಯದು ಎಂಬ ಯೋಚನೆ ಬಂದಾಗ ಕೈ ನಿಂತಿತು. ಅಪ್ಪ ಇನ್ನು ಊದುವುದಿಲ್ಲ. ಅಮ್ಮನಾದರೋ ಇನ್ನೆಷ್ಟು ವರ್ಷ ಬದುಕುತ್ತಾಳೋ, ಅಷ್ಟು ವರ್ಷವೂ ಕಣ್ಣು ಮುಚ್ಚಿದರೆ ಈ ಮಧ್ಯಾಹ್ನದ ಮುಖವನ್ನೇ ನೋಡಬೇಕು.

ದೀಪ ಆರಿಸಿದಳು. ಅಷ್ಟು ಹೊತ್ತಿಗೆ ಇಪ್ಪತ್ತು ನಿಮಿಷ ಹಾಳಾಗಿತ್ತು.

ಆಮೇಲೆ ಅವಳು ತಲೆ ಎತ್ತಲಿಲ್ಲ. ಡ್ರಾಯರಿನಿಂದ ಸ್ವಲ್ಪ ಹಳದಿ ಬಣ್ಣದ ಹಲ್ಲುಗಳನ್ನೇ ಆರಿಸಿದಳು. ಎಡಗಡೆಯ ಎರಡನೆಯದನ್ನು ಕೊಂಚ ಓರೆಯಾಗಿ ಕೂರಿಸಿದಳು. ಅಪ್ಪನ ಸ್ವಂತ ಹಲ್ಲು ಅಲ್ಲಿ ಓರೆಯಾಗಿತ್ತು. ಕಟ್ಟಿಸಿದ ಹಲ್ಲೂ ಹಾಗೇ ಇರಲಿ, ಇಲ್ಲದಿದ್ದರೆ ಹೋಟೆಲಿನ ಬಾಗಿಲಲ್ಲಿ ನಿಂತು ನಗುವವರ ಹಾಗೆ ಕಾಣುತ್ತೀರಿ ಎಂದು ಅಮ್ಮ ಪಟ್ಟು ಹಿಡಿದಿದ್ದಳು. ಪುಡಿ ಕಲಸಿದಳು, ಹುಯ್ದಳು, ಕಾದಳು. ಅಂಚುಗಳನ್ನು ಅರೆದಳು. ಒರಟು ಉಳಿದರೆ ಒಸಡು ಹುಣ್ಣಾಗುತ್ತದೆ ಎಂದು ಒಳಗಿನ ಅಂಚನ್ನೂ ಬೆರಳಾಡಿಸಿ ನೋಡಿ ಇನ್ನೊಂದು ಸಲ ಅರೆದಳು. ಗೇಟ್ ಮಾಮ ಅದನ್ನು ನೋಡುತ್ತಿದ್ದ.

ಮನೆ ಮುಟ್ಟಿದಾಗ ಎರಡೂಮುಕ್ಕಾಲು. ಗಾಡಿ ಆಗಲೇ ಬಂದು ನಿಂತಿತ್ತು. ಅಂಗಳದಲ್ಲಿ ಜನ ಸೇರಿದ್ದರು. ಅವರಲ್ಲಿ ಎಷ್ಟೋ ಬಾಯಿಗಳೊಳಗೆ ಅಪ್ಪನ ಕೈಕೆಲಸವಿತ್ತು. ದರ್ಜಿ ಹಳೆಯ ಬ್ಯಾಂಡಿನ ಕೋಟು ಹಾಕಿಕೊಂಡು ಬಂದು, ಡ್ರಮ್ಮು ತರಬೇಕಿತ್ತೋ ಬೇಡವೋ ಗೊತ್ತಾಗದೆ ಬರಿಗೈಯಲ್ಲಿ ಗೋಡೆಗೊರಗಿದ್ದ.

ಅಮ್ಮ ಇನ್ನೂ ಬಾಗಿಲಲ್ಲೇ ಇದ್ದಳು. ಮಗಳು ಅವಳ ಮುಂದೆ ನಿಂತು ಡಬ್ಬಿ ತೆರೆದಳು. ಅಮ್ಮ ಓರೆ ಹಲ್ಲನ್ನು ಬೆರಳ ತುದಿಯಲ್ಲಿ ಮುಟ್ಟಿದಳು.

“ಅಮ್ಮ, ಒಂದು ಮಾತು. ಅಪ್ಪ ಊದೋ ಹಲ್ಲು ಕೇಳಿದ್ದ. ಐದು ತಿಂಗಳಾಯ್ತು. ನಾನು ಮಾಡ್ಲಿಲ್ಲ. ಚೀಟೀಲಿ ಅವಸರ ಇಲ್ಲ ಅಂತ ಬರೆದಿದ್ದ, ನಾನು...”

“ಗೊತ್ತು.”

“ಗೊತ್ತಾ?”

“ಬುಧವಾರ ಬುಧವಾರ ಎದ್ದ ತಕ್ಷಣ ಶೇವ್ ಮಾಡ್ಕೊಳ್ತಿದ್ರು. ಪೆಟ್ಟಿಗೆಯಿಂದ ಕ್ಲಾರಿನೆಟ್ ಪೀಪಿ ತೆಗೆದು ಒರೆಸಿ ಜೋಡ್ಸಿ ಇಟ್ಟಿರ್ತಿದ್ರು. ನೀನು ಬಂದು, ಊಟ ಮಾಡಿ, ಹೋದ್ಮೇಲೆ ಮತ್ತೆ ಬಿಚ್ಚಿ ಒಳಗಿಡ್ತಿದ್ರು.”

“ನಂಗ್ಯಾಕೆ ಹೇಳ್ಲಿಲ್ಲ ನೀನು?”

“ಹೇಳಬೇಡ ಅಂದಿದ್ರು. ಅವಳ ಸರದಿ ಕೆಡಿಸಬೇಡ, ಬೇರೆಯೋರು ಊಟ ಮಾಡೋಕೆ ಕಾಯ್ತಿರ್ತಾರೆ, ನಂದೇನು ಪೀಪಿ ಅಂತಿದ್ರು.” ಅಮ್ಮನ ಧ್ವನಿಯಲ್ಲಿ ದೂರಿರಲಿಲ್ಲ. ಅದೇ ತಡೆದುಕೊಳ್ಳಲು ಕಷ್ಟವಾಯಿತು. “ನಾನಾದ್ರೂ ಹೇಳಬೇಕಿತ್ತು. ಮನೆ ನಿಶ್ಶಬ್ದವಾಗಿದೆ, ಇರ್ಲಿ ಬಿಡು ಅನ್ನಿಸ್ತಿತ್ತು ನಂಗೆ. ಹೋಗು, ಹೊತ್ತಾಯ್ತು.”

ಮಗಳು ಒಳಗೆ ಹೋಗಿ ಅಪ್ಪನ ತಲೆಯ ಹತ್ತಿರ ಮಂಡಿಯೂರಿದಳು. ಮೇಲಿನ ಸೆಟ್ಟನ್ನು ಮೊದಲು ಕೂಡಿಸಿದಳು, ಆಮೇಲೆ ಕೆಳಗಿನದನ್ನು. ಗಲ್ಲವನ್ನು ಅಂಗೈಯಲ್ಲಿ ಎತ್ತಿ ಬಾಯಿ ಮುಚ್ಚಿದಳು. ಕುಸಿದಿದ್ದ ತುಟಿ ಮೇಲಕ್ಕೆ ಬಂತು, ಕೆನ್ನೆ ತುಂಬಿತು, ಮೂಗು ತನ್ನ ಜಾಗಕ್ಕೆ ಹೋಯಿತು.

ಅಮ್ಮ ಹೊಸ್ತಿಲು ದಾಟಿದಳು. ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದು ನೋಡಿದಳು.

“ಹೂಂ. ಇವರೇ,” ಅಂದಳು. ಎರಡು ದಿನದಿಂದ ಬಾರದಿದ್ದ ಅಳು ಆಗ ಬಂತು. ಗಂಡನ ತೋಳಿನ ಮೇಲೆ ಹಣೆಯಿಟ್ಟು ಅತ್ತಳು.

“ಇನ್ನೊಂದು ಸ್ವಲ್ಪ ಹೊತ್ತು ಗಲ್ಲ ಹಿಡ್ಕೊಂಡಿರಿ,” ಅಂದ ಗಾಡಿಯವನು ಮೆಲ್ಲಗೆ. “ಆಮೇಲೆ ಬಟ್ಟೆ ಕಟ್ಟಿ ನಿಲ್ಲಿಸ್ತೀನಿ.”

ಮಗಳು ಹಿಡಿದುಕೊಂಡಳು. ಹೊಸ ಹಲ್ಲು ಕೂಡಿಸಿದ ಮೇಲೆ ಗಿರಾಕಿಗಳಿಗೆ ಹೇಳುವ ಮಾತು ಹದಿನೆಂಟು ವರ್ಷದಿಂದ ಅವಳ ನಾಲಗೆಯ ಮೇಲೆ ಕೂತಿತ್ತು. ಅದು ಅವಳನ್ನು ಕೇಳದೆಯೇ ಹೊರಗೆ ಬಂತು.

“ಕಚ್ಚಿ. ಎಲ್ಲಾದ್ರೂ ಒತ್ತುತ್ತಾ?”

ಅಮ್ಮ ಅಳು ನಿಲ್ಲಿಸಿ ತಲೆ ಎತ್ತಿದಳು. ಅತ್ತೆ ಕೂಡ ಬಾಯಿ ತೆರೆಯಲಿಲ್ಲ.

“ಈಗ ಏನಾದ್ರೂ ಮಾತಾಡಿ ನೋಡಿ,” ಅಂದಳು ಮಗಳು. ಗಲ್ಲದಿಂದ ಕೈ ತೆಗೆಯದೆ, ಬಗ್ಗಿ, ಕಿವಿಯನ್ನು ಅಪ್ಪನ ಬಾಯಿಯ ಹತ್ತಿರಕ್ಕೆ ತಂದು ಕಾದಳು.